ಕಾಡಿನೊಳಗಿನ ‘ಸರಳ’ ಬಂಗಲೆಗೆ ಮಳೆಗಾಲದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಉಷ್ಣವಲಯದ ದಟ್ಟ ಕಾಡಿನ ನಡುವೆ ಕಟ್ಟಿದ ಐಷಾರಾಮಿ ‘ಮಿನಿಮಲಿಸ್ಟ್’, ಅಂದರೆ ಕನಿಷ್ಠ ಸಾಮಾನಿನ, ವಿಶ್ರಾಂತಿ ಬಂಗಲೆಯೊಂದರ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಸಚಿತ್ರ ಲೇಖನವನ್ನು ಎರಡು ಸಲ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಬೂದುಬಣ್ಣದ ಕಾಂಕ್ರೀಟಿನ ಸಪಾಟು ಚಾವಣಿ, ನೆಲದಿಂದ ಚಾವಣಿಯವರೆಗೆ ಒಂದೇ ಹಲಗೆಯ ಗಾಜು, ಕಪ್ಪುಕಲ್ಲು ಹಾಸಿದ ಈಜುಕೊಳ, ಕೋಣೆಯೊಳಗೆ ಒಂದು ಮಂಚ, ಒಂದು ಮಣೆ, ಒಂದು ಹೂಜಿ; ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಆ ಬಂಗಲೆ ಇರುವುದು ಹೊರದೇಶದಲ್ಲಿ. ಆದರೆ ಇಂಥ ಮನೆಗಳಿಗೆ ನಮ್ಮ ಉತ್ತರ ಕನ್ನಡದ ಘಟ್ಟ ಮತ್ತು ಕರಾವಳಿಗಿಂತ ಹೇಳಿ ಮಾಡಿಸಿದಂಥ ಜಾಗ ಬೇರೊಂದಿಲ್ಲ ಎಂಬ ಅರ್ಥದ ಮಾತು ಲೇಖನದ ಕೊನೆಗೆ ಬಂದಿದ್ದರಿಂದ ಈ ಪತ್ರ ಬರೆಯಬೇಕಾಯಿತು. ನಾನು ಶಿರಸಿ ತಾಲ್ಲೂಕಿನವನು. ಸುಮಾರು ಮೂವತ್ತೈದು ವರ್ಷ ಶಿರಸಿ, ಸಿದ್ದಾಪುರ, ಕುಮಟಾ ಭಾಗಗಳಲ್ಲಿ ಮನೆ, ಅಡಿಕೆ ಗೋದಾಮು, ಶಾಲೆಯ ಕೊಠಡಿಗಳನ್ನು ಕಟ್ಟಿಸುವ ಸಣ್ಣ ಗುತ್ತಿಗೆದಾರನಾಗಿದ್ದು, ಈಗ ಎರಡು ಎಕರೆ ತೋಟ ನೋಡಿಕೊಂಡಿದ್ದೇನೆ. ವಾಸ್ತುಶಿಲ್ಪ ಕಾಲೇಜಿನಲ್ಲಿ ಓದಿದವನಲ್ಲ. ಆದರೆ ಮಳೆಗೆ ಸೋರಿದ ಮನೆಗಳನ್ನು ನಾನು ಕಂಡಷ್ಟು ಆ ಲೇಖನ ಬರೆದವರು ಕಂಡಿರಲಾರರು ಎಂದು ವಿನಯದಿಂದಲೇ ಹೇಳುತ್ತೇನೆ.

ನನ್ನ ತಕರಾರು ಬಂಗಲೆಯ ಅಂದದ ಮೇಲಲ್ಲ, ಅದಕ್ಕೆ ಕೊಟ್ಟ ವಿಶೇಷಣದ ಮೇಲೆ. ಅದನ್ನು ‘ಕನಿಷ್ಠ’ ಎಂದು ಕರೆಯುವಾಗ ನಾವು ಲೆಕ್ಕ ಹಾಕುತ್ತಿರುವುದು ಕಣ್ಣಿಗೆ ಬೀಳುವ ಸಾಮಾನುಗಳನ್ನು ಮಾತ್ರ. ಕುರ್ಚಿ ಕಡಿಮೆ, ಬಣ್ಣ ಕಡಿಮೆ, ಪರದೆ ಇಲ್ಲ, ಕಪಾಟು ಇಲ್ಲ, ಆದ್ದರಿಂದ ಮನೆ ಸರಳ ಎಂಬುದು ಈ ಲೆಕ್ಕ. ಆದರೆ ನಮ್ಮಲ್ಲಿ ಒಂದು ಮನೆ ಎಷ್ಟು ಸರಳ ಎಂಬುದು ಗೊತ್ತಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಮಳೆಯೊಂದಿಗೆ ಎಷ್ಟು ಜಗಳವಾಡುತ್ತದೆ, ಗುಡ್ಡವನ್ನು ಎಷ್ಟು ಕಡಿದಿದೆ, ಬೇಸಿಗೆಯಲ್ಲಿ ಎಷ್ಟು ನೀರು ಕೇಳುತ್ತದೆ ಎಂಬುದರಿಂದ. ಈ ಮೂರು ಲೆಕ್ಕಗಳಲ್ಲಿ ಅಂಥ ಬಂಗಲೆ ನಮ್ಮ ಯಾವ ಸಾಧಾರಣ ಹಂಚಿನ ಮನೆಗಿಂತಲೂ ದುಬಾರಿಯದೇ ಆಗುತ್ತದೆ.

ಇದು ಓದಿ ತಿಳಿದದ್ದಲ್ಲ, ಕಂಡದ್ದು. ಎರಡು ವರ್ಷದ ಹಿಂದೆ, ಕೆಲಸ ಬಿಟ್ಟಾಗಿದ್ದರೂ, ಪರಿಚಯದವರ ಒತ್ತಾಯಕ್ಕೆ ಕುಮಟಾ ಕಡೆಯ ಘಟ್ಟದ ಬುಡದಲ್ಲಿರುವ ಒಂದು ಬಂಗಲೆಯ ಸೋರಿಕೆ ನೋಡಲು ಹೋಗಿದ್ದೆ. ಯಾರದ್ದು, ಯಾರು ಕಟ್ಟಿದ್ದು ಎಂಬುದು ಇಲ್ಲಿ ಬೇಡ. ಪುರವಣಿಯ ಚಿತ್ರದ ತಮ್ಮನಂತಿತ್ತು ಅದು: ಅದೇ ಬೂದು ಗೋಡೆ, ಅದೇ ಗಾಜು, ಅದೇ ಸಪಾಟು ಚಾವಣಿ. ಚಾವಣಿಯ ಅಂಚು ಗೋಡೆಗಿಂತ ಒಂದು ಗೇಣೂ ಹೊರಗೆ ಚಾಚಿರಲಿಲ್ಲ, ಏಕೆಂದರೆ ಸೂರು ಹೊರಗೆ ಬಂದರೆ ಗೆರೆ ಕೆಡುತ್ತದಂತೆ. ಸುತ್ತಲೂ ಅರ್ಧ ಅಡಿ ಎತ್ತರದ ಕೈಗೋಡೆ, ನೀರು ಹೋಗಲು ಮೂಲೆಯಲ್ಲಿ ಮೂರಂಗುಲದ ಎರಡು ಕೊಳವೆ. ಪಕ್ಕದಲ್ಲಿಯೇ ಎರಡು ದೊಡ್ಡ ಮತ್ತಿ ಮರ. ಬೇಸಿಗೆಯಲ್ಲಿ ಉದುರಿದ ಎಲೆಯೆಲ್ಲ ಚಾವಣಿಯ ಮೇಲೆ ದರಕಾಗಿ ಕೂತು, ಮೊದಲ ದೊಡ್ಡ ಮಳೆಗೆ ತೇಲಿ ಬಂದು ಎರಡೂ ಕೊಳವೆಯ ಬಾಯಿ ಕಟ್ಟಿತ್ತು. ಚಾವಣಿ ಕೆರೆಯಾಗಿ, ನೀರು ಕಾಂಕ್ರೀಟಿನ ಕೂದಲೆಳೆಯ ಬಿರುಕು ಹುಡುಕಿಕೊಂಡು ಮಂಚದ ಮೇಲೇ ಇಳಿದಿತ್ತು.

ಆ ಚಾವಣಿಯ ಅಳತೆ ಸುಮಾರು ಮುನ್ನೂರು ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ಶಾಲೆಯ ಲೆಕ್ಕ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಅಂದರೆ ಆ ಒಂದು ಚಾವಣಿ ವರ್ಷಕ್ಕೆ ಒಂಬತ್ತು ಲಕ್ಷ ಲೀಟರ್ ನೀರನ್ನು ಹೊತ್ತು ಇಳಿಸಬೇಕು. ಇನ್ನೂರು ಮಿಲಿಮೀಟರ್ ಸುರಿದ ದಿನ ಅರುವತ್ತು ಸಾವಿರ ಲೀಟರ್, ಐದು ಸಾವಿರ ಲೀಟರಿನ ಹನ್ನೆರಡು ಟ್ಯಾಂಕರಿನಷ್ಟು. ಇಷ್ಟು ನೀರಿಗೆ ಮೂರಂಗುಲದ ಎರಡೇ ಕೊಳವೆ ಇಟ್ಟವರಿಗೆ ನಕಾಶೆ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಆ ನಕಾಶೆಯಲ್ಲಿ ಮಳೆ ಇರಲಿಲ್ಲ, ಅಷ್ಟೇ.

ಸೋರಿಕೆ ನೋಡಿ ಮುಗಿಸಿ ಹಿಂಬದಿಗೆ ಹೋದಾಗ ಕಂಡದ್ದು ಇನ್ನೂ ಮುಖ್ಯವಾದ ಸಂಗತಿ. ಮನೆಯ ಹಿಂದೆ, ಬಿದಿರಿನ ತಡಿಕೆಯ ಮರೆಯಲ್ಲಿ, ಮುಂದಿನ ಕೋಣೆಗಳಲ್ಲಿ ಇಲ್ಲದ್ದೆಲ್ಲವೂ ಇತ್ತು. ಜನರೇಟರ್, ಈಜುಕೊಳದ ನೀರು ಸೋಸುವ ಯಂತ್ರ, ಕ್ಲೋರಿನ್ ಡಬ್ಬಿಗಳು, ಬೋರ್‌ವೆಲ್ ಮೋಟಾರು, ಏಳು ಏಸಿ ಯಂತ್ರಗಳ ಹೊರಭಾಗಗಳು, ಬಟ್ಟೆ ಒಗೆಯುವ ಎರಡು ಯಂತ್ರಗಳು, ತೇವ ಹೀರುವ ಯಂತ್ರ, ಗ್ಯಾಸ್ ಸಿಲಿಂಡರುಗಳ ಸಾಲು, ಮತ್ತು ಇವುಗಳ ನಡುವೆ ತಗಡು ಹೊದಿಸಿದ ಒಂದು ಕೋಣೆಯಲ್ಲಿ ಕಾವಲಿನವರ ಸಂಸಾರ. ಅತಿಥಿಗಳಿರುವಾಗ ಮಕ್ಕಳನ್ನು ಮುಂದಿನ ಅಂಗಳಕ್ಕೆ ಬಿಡುವಂತಿಲ್ಲವೆಂದು ಆತ ಹೇಳಿದ. ಬೇಸರದಿಂದ ಹೇಳಿದ್ದೂ ಅಲ್ಲ. ನೌಕರಿಯ ಕರಾರನ್ನು ಹೇಳುವ ಹಾಗೆ ಹೇಳಿದ. ಮುಂದಿನ ಕೋಣೆಯಲ್ಲಿ ಒಂದೇ ಹೂಜಿ ಇಡಲು ಹಿಂದೆ ಇಷ್ಟೆಲ್ಲ ಇಡಬೇಕಾದರೆ, ಅದನ್ನು ಕನಿಷ್ಠ ಎನ್ನುವುದಕ್ಕಿಂತ ಮರೆಮಾಡಿದ್ದು ಎನ್ನುವುದೇ ಸರಿಯಾದ ಕನ್ನಡ.

ಈ ಮಾದರಿಯ ಮನೆಗಳ ಮೂಲಪುರುಷರಲ್ಲಿ ಒಬ್ಬರು ಜರ್ಮನಿಯಿಂದ ಅಮೆರಿಕಕ್ಕೆ ಹೋದ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋಹೆ. ‘ಕಡಿಮೆಯೇ ಹೆಚ್ಚು’ ಎಂಬ ಮಾತು ಅವರ ಹೆಸರಿನೊಂದಿಗೇ ಅಂಟಿಕೊಂಡಿದೆ. ತಮ್ಮ ಲೇಖನದ ಅಡಿಬರಹದಲ್ಲೂ ಅದು ಇತ್ತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಫಾಕ್ಸ್ ಎಂಬ ನದಿಯ ದಂಡೆಯ ಮರಗಳ ನಡುವೆ, ಈಡಿತ್ ಫಾರ್ನ್ಸ್‌ವರ್ತ್ ಎಂಬ ವೈದ್ಯೆಗಾಗಿ ಅವರು ಕಟ್ಟಿದ ಗಾಜಿನ ವಾರಾಂತ್ಯದ ಮನೆ 1951ರಲ್ಲಿ ಮುಗಿಯಿತು. ಎಂಟು ಉಕ್ಕಿನ ಕಂಬ, ಎರಡು ಹಲಗೆಯಂಥ ನೆಲ ಮತ್ತು ಚಾವಣಿ, ನಡುವೆ ಬರಿಯ ಗಾಜು. ಇಂದಿಗೂ ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಯಾತ್ರೆ ಹೋದಂತೆ ಹೋಗಿ ನೋಡುವ ಮನೆ ಅದು. ಆದರೆ ಅದರಲ್ಲಿ ವಾಸವಿದ್ದ ಆ ವೈದ್ಯೆಗೆ ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಗಾಜಿನ ಒಳಮೈಗೆ ನೀರಹನಿ, ಸಂಜೆಯಾದರೆ ದೀಪಕ್ಕೆ ಮುತ್ತುವ ಹುಳ ಮತ್ತು ಸೊಳ್ಳೆ. ಖರ್ಚು ಅಂದಾಜು ಮೀರಿದ್ದಕ್ಕೆ ಕಟ್ಟಿಸಿದವರೂ ಕಟ್ಟಿದವರೂ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನದಿಯ ನೆರೆಗೆ ಹೆದರಿ ನೆಲವನ್ನು ಐದು ಅಡಿಗೂ ಮೇಲಕ್ಕೆ ಎತ್ತಿ ಕಟ್ಟಿದ್ದರೂ 1954ರಲ್ಲಿ ನೀರು ಒಳನುಗ್ಗಿತು. 1996ರಲ್ಲಿ ಗಾಜೇ ಒಡೆಯಿತು. 2008ರಲ್ಲಿ ಮತ್ತೆ ನೆರೆ. ಅಷ್ಟು ದೊಡ್ಡ ಪ್ರತಿಭಾವಂತನ ಕೈಯಲ್ಲಿಯೇ ಹೀಗಾದ ಮಾದರಿಯನ್ನು, ಅಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು ಮಳೆ ಬೀಳುವ ನಮ್ಮ ಘಟ್ಟಕ್ಕೆ ತಂದು ನಿಲ್ಲಿಸುವ ಮೊದಲು ಸ್ವಲ್ಪ ಯೋಚಿಸಬಾರದೇ?

ಹಾಗಾದರೆ ನಮ್ಮಲ್ಲಿ ಕಡಿಮೆಯಲ್ಲಿ ಬದುಕುವ ಮನೆ ಇರಲೇ ಇಲ್ಲವೇ? ಇತ್ತು, ನಾವು ಅದನ್ನು ಹಾಗೆ ಕರೆಯಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಮನೆಯನ್ನು ನೋಡಿ. ಗೋಡೆ ಮಣ್ಣಿನದು ಅಥವಾ ಕೆಂಪುಕಲ್ಲಿನದು. ಮಾಡು, ಅಂದರೆ ಇಳಿಜಾರು ಚಾವಣಿ, ಎರಡೂ ಕಡೆ ಕಡಿದಾಗಿ ಇಳಿದು, ಜಗಲಿಯನ್ನು ದಾಟಿ, ಬಗ್ಗಿ ಒಳಗೆ ಹೋಗಬೇಕಾದಷ್ಟು ಕೆಳಗೆ ಬರುತ್ತದೆ. ಹೊರಗಿನವರು ಅದನ್ನು ಬಡತನ ಎಂದೋ ವಿನಯದ ಪಾಠ ಎಂದೋ ವ್ಯಾಖ್ಯಾನ ಮಾಡುವುದನ್ನು ಕೇಳಿದ್ದೇನೆ. ಎರಡೂ ಅಲ್ಲ. ಗಾಳಿಗೆ ಓರೆಯಾಗಿ ಬರುವ ಮಳೆಯ ಎರಚಲು ಮಣ್ಣಿನ ಗೋಡೆಗೆ ತಾಗಬಾರದೆಂದು ಸೂರನ್ನು ಇಳಿಸಿದ್ದು. ಸೂರಿನಿಂದ ಬಿದ್ದ ನೀರು ಅಡಿಪಾಯಕ್ಕೆ ಇಂಗಬಾರದೆಂದು ಕೆಳಗೆ ಕಲ್ಲು ಕಟ್ಟಿ ಕಾಲುವೆ ಮಾಡಿದ್ದು. ಮೊದಲು ಅಡಿಕೆಯ ಸೋಗೆ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಆ ಹಂಚು ನಿಧಾನವಾಗಿ ಕರಾವಳಿಯನ್ನೂ ಘಟ್ಟವನ್ನೂ ಹತ್ತಿತು. ಹೊದಿಕೆ ಬದಲಾಯಿತು, ಇಳಿಜಾರು ಬದಲಾಗಲಿಲ್ಲ. ಹಂಚಿನ ಮಾಡಿಗೆ ಇನ್ನೊಂದು ಗುಣವಿದೆ: ಎಲೆ ಬಿದ್ದರೆ ನಿಲ್ಲದೆ ಜಾರುತ್ತದೆ, ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಿದರಾಯಿತು, ಸೋರುವ ಜಾಗ ಕೆಳಗಿನಿಂದಲೇ ಕಾಣುತ್ತದೆ. ಕಾಂಕ್ರೀಟಿನ ತಾರಸಿಯಲ್ಲಿ ನೀರು ಒಂದು ಕಡೆ ಇಳಿದು ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ; ಅದರ ಮೂಲ ಹುಡುಕುವಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ಮಳೆಗಾಲ ಹಿಡಿಯುವ ಮೊದಲು ಜಗಲಿಯ ಹೊರಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಅಡಿಕೆ ಮರ ಸೀಳಿದ ದಬ್ಬೆಗೆ ಬಿಗಿದು. ಅಕ್ಟೋಬರ್‌ನಲ್ಲಿ ಅದನ್ನು ಬಿಚ್ಚಿ ತೋಟದ ಗೊಬ್ಬರಕ್ಕೆ ಹಾಕುತ್ತಿದ್ದರು. ನಾಲ್ಕು ತಿಂಗಳ ಗೋಡೆ ಅದು. ಬೇಕಾದಾಗ ಬಂದು ಬೇಡವಾದಾಗ ಮಣ್ಣಾಗುವಂಥದ್ದು. ಇದಕ್ಕಿಂತ ಕನಿಷ್ಠವಾದ ಗೋಡೆಯನ್ನು ಯಾವ ದೇಶದ ವಾಸ್ತುಶಿಲ್ಪಿ ಕಟ್ಟಿದ್ದಾನೋ ನನಗೆ ತಿಳಿಯದು.

ಅಂಗಳದ ವಿಷಯವನ್ನೂ ಇಲ್ಲಿಯೇ ಹೇಳಬೇಕು, ಏಕೆಂದರೆ ಪುರವಣಿಯ ಲೇಖನದಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆದದ್ದು ‘ಕಾಡು ಗಾಜಿನವರೆಗೂ ಬಂದು ನಿಂತಿರುವುದು’. ಕಾಡಿನೊಳಗೆ ತಲೆತಲಾಂತರದಿಂದ ಬಾಳಿದ ನಮ್ಮವರು ಮನೆಗೂ ಕಾಡಿಗೂ ನಡುವೆ ಸಗಣಿ ಸಾರಿಸಿದ ಒಂದು ಬೋಳು ಅಂಗಳವನ್ನು ಯಾವಾಗಲೂ ಇಟ್ಟುಕೊಂಡಿದ್ದರು. ಅಡಿಕೆ ಒಣಗಿಸುವುದು ಅಲ್ಲಿ, ಮದುವೆಯ ಚಪ್ಪರ ಅಲ್ಲಿ, ಯಕ್ಷಗಾನದ ತಾಳಮದ್ದಳೆಗೆ ಬಂದವರ ಚಪ್ಪಲಿಗಳ ರಾಶಿಯೂ ಅಲ್ಲಿಯೇ. ಅದರೊಂದಿಗೆ ಹಾವು ದಾಟಿದರೆ ಕಾಣುತ್ತಿತ್ತು, ಉಂಬಳ (ಜಿಗಣೆ) ಒಳಗೆ ಬರುವ ಮುನ್ನ ಒಣಗಿದ ನೆಲ ಸಿಗುತ್ತಿತ್ತು, ಉಣುಗು (ಉಣ್ಣೆಹುಳ) ಹೊತ್ತ ದರಕು ಬಾಗಿಲವರೆಗೆ ಬರುತ್ತಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಸಿದ್ದಾಪುರದ ಕಡೆಯ ಜನರಿಗೆ ಇಂದಿಗೂ ಬೇಸಿಗೆಯ ಭಯವಾಗಿಯೇ ಉಳಿದಿದೆ; ಅದನ್ನು ಹರಡುವುದು ಉಣುಗು. ಮಲಗುವ ಕೋಣೆಯ ಗಾಜಿಗೆ ಒತ್ತಿಕೊಂಡು ಪೊದೆ ಬೆಳೆಸಿ ಅದನ್ನು ಪ್ರಕೃತಿಯ ಸಾಮೀಪ್ಯ ಎಂದು ಮಾರುವವರು, ಬರುವ ಅತಿಥಿಗೆ ಇದೊಂದನ್ನಾದರೂ ಮೊದಲೇ ಹೇಳಬೇಕು. ಇನ್ನು ರಾತ್ರಿಯಿಡೀ ಮರಗಳ ಬುಡಕ್ಕೆ ದೀಪ ಹಾಯಿಸಿದರೆ, ಮಳೆಗೆ ಮುನ್ನ ಕೆಲವೇ ವಾರ ಗುಂಪಾಗಿ ಮಿನುಗುವ ಮಿಂಚುಹುಳಗಳಿಗೆ ಜೊತೆಗಾರರೇ ಕಾಣುವುದಿಲ್ಲ. ಅವುಗಳನ್ನು ನೋಡಲೆಂದೇ ಬಂದವರು ದೀಪ ಹಾಕಿಸಿಕೊಂಡು ಕೂತಿರುತ್ತಾರೆ.

ಈಗ ಗುಡ್ಡದ ಮಾತು. ಬಂಗಲೆಗಳಿಗೆ ಬೇಕಾದದ್ದು ನೋಟ; ನೋಟ ಸಿಗುವುದು ಇಳಿಜಾರಿನಲ್ಲಿ; ಇಳಿಜಾರಿನಲ್ಲಿ ಸಪಾಟು ನೆಲದ ಮನೆ ಮತ್ತು ಸಪಾಟು ಕೊಳ ಬೇಕಾದರೆ ಜೆಸಿಬಿ ತಂದು ಧರೆ ಕಡಿಯಬೇಕು. ನಮ್ಮಲ್ಲಿ ಮೇಲೆ ಕಾಣುವ ಕೆಂಪುಕಲ್ಲಿನ ಪದರ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದು ತೂತುತೂತಾದ ಕಲ್ಲು, ಮಳೆನೀರನ್ನು ಸ್ಪಂಜಿನಂತೆ ಒಳಗೆ ಬಿಡುತ್ತದೆ. ಅದರ ಕೆಳಗಿರುವುದು ಶೇಡಿ ಮಣ್ಣು, ಒಣಗಿದಾಗ ಸುಣ್ಣದಂತೆ ಗಟ್ಟಿ, ನೀರು ಕುಡಿದಾಗ ಬೆಣ್ಣೆಯಂತೆ ಜಾರು. ಇಳಿಜಾರಿನ ಬುಡ ಕಡಿದು ಈ ಪದರವನ್ನು ಬಯಲಿಗೆ ತಂದರೆ ಮೇಲಿನ ಗುಡ್ಡಕ್ಕೆ ಕಾಲಿಲ್ಲದಂತಾಗುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಬಳಿಯ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿದ್ದದ್ದನ್ನು, 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಮನೆ-ತೋಟಗಳು ಮಣ್ಣಿನೊಂದಿಗೆ ಇಳಿದುಹೋದದ್ದನ್ನು, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೊಂದು ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿಯೊಳಕ್ಕೆ ಇಳಿದು ಜೀವಗಳನ್ನು ತೆಗೆದುಕೊಂಡು ಹೋದದ್ದನ್ನು ಈ ಜಿಲ್ಲೆಯವರು ಯಾರೂ ಮರೆತಿಲ್ಲ. ಇವುಗಳಿಗೆ ಬಂಗಲೆಗಳು ಕಾರಣ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ಹೆದ್ದಾರಿಗೆ ಕಡಿದರೂ ಈಜುಕೊಳಕ್ಕೆ ಕಡಿದರೂ ಶೇಡಿ ಮಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೆದ್ದಾರಿಯನ್ನಾದರೂ ಸಾವಿರಾರು ಜನ ಬಳಸುತ್ತಾರೆ ಎಂಬ ಸಮಜಾಯಿಷಿ ಇದೆ. ವರ್ಷದಲ್ಲಿ ನಲವತ್ತು ರಾತ್ರಿ ಯಾರೋ ತಂಗುವ ಮನೆಗಾಗಿ ಗುಡ್ಡದ ಬುಡ ಸಡಿಲಿಸಿದರೆ, ಕೆಳಗಿನ ಕೊಪ್ಪದವರು ಮಳೆಗಾಲದ ಅಷ್ಟೂ ರಾತ್ರಿ ಎಚ್ಚರ ಇರಬೇಕಾಗುತ್ತದೆ.

ನೀರಿನ ಲೆಕ್ಕ ಚಿಕ್ಕದು, ಆದರೆ ಚುಚ್ಚುವಂಥದ್ದು. ನಾನು ಕಂಡ ಕೊಳ ಹನ್ನೆರಡು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ; ತುಂಬಲು ಅರುವತ್ತು ಸಾವಿರ ಲೀಟರ್ ಬೇಕು. ಏಪ್ರಿಲ್ ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೂ ಬರೀ ಆಕಾಶಕ್ಕೆ ಹೋಗುವುದೇ ದಿನಕ್ಕೆ ಇನ್ನೂರ ನಲವತ್ತು ಲೀಟರ್. ಜಲಜೀವನ ಮಿಶನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ ನಿಗದಿಯಾದ ನೀರು 55 ಲೀಟರ್. ನಾಲ್ಕು ಜನರ ಒಂದು ಸಂಸಾರದ ದಿನದ ಪಾಲಿಗಿಂತ ಹೆಚ್ಚು ನೀರು, ಯಾರೂ ಈಜದೆ ಇದ್ದರೂ, ಆ ಕೊಳದಿಂದ ಆವಿಯಾಗಿ ಹೋಗುತ್ತದೆ ಎಂದಾಯಿತು. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ ನೀರಿನ ಬರವೇ ಎಂದು ಬೆಂಗಳೂರಿನ ಸ್ನೇಹಿತರು ಕೇಳುತ್ತಾರೆ. ಹೌದು; ಮೇ ತಿಂಗಳಲ್ಲಿ ಕುಮಟಾ, ಅಂಕೋಲಾದ ಎಷ್ಟೋ ಮಜರೆಗಳಿಗೆ ಟ್ಯಾಂಕರ್ ಹೋಗುತ್ತದೆ, ಘಟ್ಟದ ಮೇಲೂ ಬಾವಿಗಳ ತಳ ಕಾಣುತ್ತದೆ. ಮೇಲಿನ ಕಾನಿನ ಒರತೆಯಿಂದ ಅಡಿಕೆ ಮರದ ದಂಬೆಯಲ್ಲೋ ಪೈಪಿನಲ್ಲೋ ತಾನಾಗಿ ಇಳಿದು ಬರುವ ಅಬ್ಬಿ ನೀರನ್ನು ನಂಬಿದ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಅದಕ್ಕೆ ವಿದ್ಯುತ್ತು ಬೇಡ, ಮೋಟಾರು ಬೇಡ, ಆದರೆ ಮೇಲಿನವನು ನಾಲ್ಕು ನೂರು ಅಡಿಯ ಬೋರ್‌ವೆಲ್ ಕೊರೆಸಿದರೆ ಕೆಳಗಿನವನ ಅಬ್ಬಿ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ.

ಇನ್ನೊಂದು ಸಂಗತಿಯನ್ನು ಲೇಖನ ಗಮನಿಸಲೇ ಇಲ್ಲ. ಅಂಥ ಬಂಗಲೆಯ ಚಿತ್ರದಲ್ಲಿ ಮಾರಾಟಕ್ಕಿರುವುದು ಕಟ್ಟಡವಲ್ಲ, ಅದರ ಸುತ್ತಲಿನ ಕಾಡು. ಆದರೆ ಕ್ರಯಪತ್ರದಲ್ಲಿ ಆ ಕಾಡು ಇರುವುದಿಲ್ಲ. ನಮ್ಮಲ್ಲಿ ಅದು ಅರಣ್ಯ ಇಲಾಖೆಯ ಮೀಸಲು ಕಾಡು, ಇಲ್ಲವೇ ಯಾರೋ ತೋಟಿಗರ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿ ಸೊಪ್ಪು, ದರಕು ತರಬಹುದು, ಕಟ್ಟಡ ಕಟ್ಟುವಂತಿಲ್ಲ. ಎಲ್ಲ ಬೆಟ್ಟಗಳನ್ನೂ ನಾವು ಚೆನ್ನಾಗಿ ನೋಡಿಕೊಂಡಿದ್ದೇವೆ ಎಂದರೆ ಅದು ಹೊಗಳಿಕೆಯಾದೀತು, ಬೋಳು ಮಾಡಿದವರೂ ನಮ್ಮಲ್ಲಿದ್ದಾರೆ. ಆದರೂ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಭಾಗದ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತದ್ದರಿಂದ, ಆ ‘ಅಪ್ಪಿಕೋ’ ಚಳವಳಿ ಹಬ್ಬಿದ್ದರಿಂದ, ಇಂದು ಬಂಗಲೆಯ ಕಿಟಕಿಗೆ ಒಂದಿಷ್ಟು ಹಸಿರು ಉಳಿದಿದೆ. ನೋಟದ ಬೆಲೆಯಲ್ಲಿ ಆ ಊರಿನವರ ಪಾಲು ಯಾವ ರಸೀದಿಯಲ್ಲೂ ಕಾಣುವುದಿಲ್ಲ.

ಕಾನೂನಿನ ಬಗ್ಗೆ ಎರಡು ಮಾತು ಮಾತ್ರ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕೊಂಡ ಮೇಲೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ ಆಗಬೇಕು, ಆ ಬಳಿಕ ಪಂಚಾಯತಿಯ ಪರವಾನಗಿ. ನನ್ನ ಅನುಭವದಲ್ಲಿ ಈ ಹಂತಗಳಲ್ಲಿ ಕೇಳುವುದು ಪಹಣಿ, ನಕ್ಷೆ, ರಸ್ತೆಯಿಂದ ಎಷ್ಟು ದೂರ ಎಂಬ ವಿವರ. ನೆಲದ ಉದ್ದಗಲ ಕೇಳುತ್ತಾರೆಯೇ ಹೊರತು ಇಳಿಜಾರಿನ ಅಡ್ಡಕೊಯ್ತದ ನಕಾಶೆಯನ್ನು ನನ್ನಿಂದ ಒಮ್ಮೆಯೂ ಯಾರೂ ಕೇಳಲಿಲ್ಲ. ಧರೆ ಎಷ್ಟು ಅಡಿ ಕಡಿಯುತ್ತೀರಿ, ಕಡಿದ ಮಣ್ಣನ್ನು ಎಲ್ಲಿ ಹಾಕುತ್ತೀರಿ, ಚಾವಣಿಯ ನೀರು ಯಾವ ಹಳ್ಳಕ್ಕೆ ಹೋಗುತ್ತದೆ, ಬೇಸಿಗೆಯ ನೀರು ಎಲ್ಲಿಯದು ಎಂಬ ಪ್ರಶ್ನೆಗಳನ್ನು ಘಟ್ಟದ ಮತ್ತು ಕರಾವಳಿಯ ಪಂಚಾಯತಿಗಳಾದರೂ ಅರ್ಜಿಯ ನಮೂನೆಯಲ್ಲಿ ಸೇರಿಸಲಿ ಎಂಬುದು ನನ್ನ ಕೋರಿಕೆ. ಇದಕ್ಕೆ ತಜ್ಞರ ಸಮಿತಿ ಬೇಕಿಲ್ಲ. ಒಂದು ಹಾಳೆ ಸಾಕು.

ನಾನು ಪ್ರವಾಸಿಗರ ವಿರೋಧಿಯಲ್ಲ. ಗೋಕರ್ಣ, ಯಾಣ, ದಾಂಡೇಲಿ, ಜೋಯಿಡಾಗಳಿಗೆ ಜನ ಬರುವುದರಿಂದ ನಮ್ಮ ಹುಡುಗರಿಗೆ ಊರಿನಲ್ಲೇ ಕೆಲಸ ಸಿಕ್ಕಿದೆ, ಮತ್ತು ಹೊಸ ಬಗೆಯ ಕಟ್ಟಡ ಎಂದ ಕೂಡಲೇ ಮೂಗು ಮುರಿಯುವ ವಯಸ್ಸು ನನ್ನದಾದರೂ ಆ ಚಾಳಿ ನನಗಿಲ್ಲ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರು ಡಂಬುಲ್ಲದ ಹತ್ತಿರ ಕಟ್ಟಿದ ಕಂದಲಾಮ ಹೋಟೆಲು 1994ರಲ್ಲಿ ಆರಂಭವಾಯಿತು. ಅದೂ ಕಾಂಕ್ರೀಟಿನದೇ, ಸಪಾಟು ಚಾವಣಿಯದೇ, ಅದಕ್ಕೂ ಆ ಕಾಲದಲ್ಲಿ ಜನರ ಪ್ರತಿಭಟನೆ ಇತ್ತು. ಆದರೆ ಅವರು ಬಂಡೆಯನ್ನು ಕಡಿಯುವ ಬದಲು ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ, ಬಂಡೆಯ ಅಂಚಿಗೆ ಬಾಗಿಸಿ, ಮಳೆನೀರೂ ಪ್ರಾಣಿಗಳೂ ಕೆಳಗಿನಿಂದ ಹಾದುಹೋಗುವಂತೆ ಬಿಟ್ಟರು. ಚಾವಣಿ ಮತ್ತು ಮುಂಬದಿಯ ತುಂಬ ಬಳ್ಳಿ ಹಬ್ಬಿಸಿದರು. ಗಮನಿಸಬೇಕಾದದ್ದೆಂದರೆ ಡಂಬುಲ್ಲ ಆ ದ್ವೀಪದ ಒಣವಲಯದಲ್ಲಿದೆ. ಅಲ್ಲಿ ನಡೆಯುವ ಸಪಾಟು ಚಾವಣಿ ಶಿರಸಿ-ಕುಮಟಾ ನಡುವಿನ ನಮ್ಮ ದೇವಿಮನೆ ಘಟ್ಟದಲ್ಲಿ ನಡೆಯುವುದಿಲ್ಲ. ಬಾವಾ ಅವರಿಂದ ಕಲಿಯಬೇಕಾದದ್ದು ಚಾವಣಿಯನ್ನಲ್ಲ, ನೆಲವನ್ನು ಮುಟ್ಟದೆ ನಿಲ್ಲುವ ಬಗೆಯನ್ನು.

ಅದಕ್ಕಿಂತಲೂ ಸುಲಭದ ದಾರಿಯೊಂದು ನಮ್ಮ ಕಣ್ಣೆದುರೇ ಬೀಗ ಹಾಕಿಕೊಂಡು ನಿಂತಿದೆ. ಮಕ್ಕಳು ಬೆಂಗಳೂರಿಗೂ ಪುಣೆಗೂ ಹೋಗಿ, ಹಿರಿಯರು ಇಲ್ಲವಾಗಿ, ನಮ್ಮ ಒಂದೊಂದು ಊರಿನಲ್ಲೂ ಎರಡೋ ಮೂರೋ ಹಳೆಯ ಮನೆಗಳು ಖಾಲಿಯಿವೆ. ಹಲಸು, ಮತ್ತಿ, ಹೊನ್ನೆಯ ತೊಲೆ-ಕಂಬಗಳಿನ್ನೂ ಗಟ್ಟಿಯಿವೆ. ನೆಲ ಕಡಿದು ಸಮ ಮಾಡುವ ಕೆಲಸ ನೂರು ವರ್ಷದ ಹಿಂದೆಯೇ ಮುಗಿದಿದೆ, ಗುಡ್ಡವೂ ಅದಕ್ಕೆ ಒಗ್ಗಿಕೊಂಡಿದೆ, ಬಾವಿಯಿದೆ, ನೀರು ಹೋಗುವ ಕಾಲುವೆಯಿದೆ. ಇಂಥ ಒಂದು ಮನೆಯನ್ನು ಕೊಳ್ಳದೆ, ಬಾಡಿಗೆಗೆ ಪಡೆದು, ಮಾಡಿನ ರೀಪು-ಪಕಾಸು ಬದಲಿಸಿ, ಒರಲೆ ಹಿಡಿದ ಬಾಗಿಲು ತೆಗೆದು, ಒಂದು ಒಳ್ಳೆಯ ಬಚ್ಚಲುಮನೆ ಸೇರಿಸಿದರೆ ಹೊಸ ಬಂಗಲೆಯ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಒಳಗೆ ಸಾಮಾನು ಎಷ್ಟು ಕಡಿಮೆ ಇಡಬೇಕೆಂಬುದು ಅವರವರ ರುಚಿ. ಕೆಂಪು ನೆಲದ ಜಗಲಿಯಲ್ಲಿ ಒಂದು ಚಾಪೆ ಮಾತ್ರ ಹಾಸಿದರೆ ಯಾವ ವಿನ್ಯಾಸಕಾರರೂ ನಾಚುವಷ್ಟು ಖಾಲಿಯಾಗಿ ಕಾಣುತ್ತದೆ. ಸಿದ್ದಾಪುರ ತಾಲ್ಲೂಕಿನಲ್ಲಿ ಹೀಗೆ ದುರಸ್ತಿಯಾದ ಒಂದು ಮನೆಗೆ ನಾನೇ ಮಾಡು ಹೊದಿಸಿಕೊಟ್ಟಿದ್ದೇನೆ. ಈಜುಕೊಳ ಬೇಕೆಂದು ಕೇಳಿದ ಅತಿಥಿಗಳಿಗೆ ಮನೆಯವರು ಹಿಂದಿನ ಹಳ್ಳದ ಗುಂಡಿ ತೋರಿಸುತ್ತಾರೆ.

ನಾನು ಸೋರಿಕೆ ನೋಡಿದ ಆ ಬಂಗಲೆಯ ಯಜಮಾನರಿಗೆ, ಕಾಂಕ್ರೀಟಿನ ಮೇಲೆ ಇಳಿಜಾರಾಗಿ ಹಂಚಿನ ಮಾಡನ್ನೇ ಹಾಕಿಸಿ, ಸೂರನ್ನು ನಾಲ್ಕು ಅಡಿ ಹೊರಗೆ ತನ್ನಿ ಎಂದು ಬರೆದುಕೊಟ್ಟು ಬಂದಿದ್ದೆ. ಮಲೆನಾಡಿನ ಎಷ್ಟೋ ತಾರಸಿ ಮನೆಗಳು ಕೊನೆಗೆ ಮಾಡುವುದೂ ಅದನ್ನೇ, ಹಂಚಿನ ಬದಲು ತಗಡು ಎಂಬುದಷ್ಟೇ ಬೇರೆ. ಗೆರೆ ಕೆಡುತ್ತದೆ ಎಂದು ಅವರು ಒಪ್ಪಲಿಲ್ಲ. ಈ ಜುಲೈನಲ್ಲಿ ಅದೇ ದಾರಿಯಾಗಿ ಕುಮಟಾಕ್ಕೆ ಹೋಗುವಾಗ ಬಸ್ಸಿನಿಂದ ನೋಡಿದೆ: ಇಡೀ ಚಾವಣಿಗೆ ನೀಲಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಕೆಂಪುಕಲ್ಲು ಹೇರಿದ್ದಾರೆ. ದಸರಾ ರಜೆಯ ಅತಿಥಿಗಳು ಬರುವ ಮೊದಲು ಅದನ್ನು ತೆಗೆಯುತ್ತಾರಂತೆ. ತಮ್ಮ ಪುರವಣಿಯಲ್ಲಿ ಇಂಥ ಮನೆಗಳ ಬಗ್ಗೆ ಇನ್ನೊಮ್ಮೆ ಬರೆಸುವುದಾದರೆ, ಛಾಯಾಗ್ರಾಹಕರನ್ನು ದಯವಿಟ್ಟು ಜುಲೈ ತಿಂಗಳಲ್ಲಿ ಕಳುಹಿಸಿಕೊಡಿ, ಮತ್ತು ಹಿಂಬದಿಯ ತಡಿಕೆಯ ಮರೆಯದೂ ಒಂದು ಚಿತ್ರ ತೆಗೆಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಟ್ಟಡ ಗುತ್ತಿಗೆದಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ